ಗೋಡೆಗೇನು ನೋವು

ಹೊಲಿಗೆಯಕ್ಕನ ಅಂಗಡಿಗೂ ಪಕ್ಕದ ಕಟಿಂಗ್ ಶಾಪಿಗೂ ನಡುವೆ ಇರುವುದು ಒಂದು ಹಲಗೆ ಮಾತ್ರ. ಆ ಕಡೆ ಕೆಮ್ಮಿದರೆ ಈ ಕಡೆ ಸೂಜಿ ಅಲುಗಾಡುತ್ತದೆ. ಸೋಮವಾರ ಬೆಳಿಗ್ಗೆ ಅವಳು ಯಾರದೋ ಪ್ಯಾಂಟಿನ ಕೆಟ್ಟ ಜಿಪ್ಪು ಬಿಚ್ಚುತ್ತ ಕೂತಿದ್ದಾಗ, ಆ ಕಡೆ ಅವಳ ಮಗಳ ವಿಚಾರಣೆ ನಡೆದಿತ್ತು.

"ಬೇಕಂತಲೇ ಗುದ್ದಿದ್ದು. ಕಣ್ಣಾರೆ ಕಂಡಿದ್ದೀನಿ ನಾನು," ಎಂದ ಬಸ್ ಕಂಡಕ್ಟರ್. ಊರಿನ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡಕ್ಕೆ ಅವನಂಥ ಅಭಿಮಾನಿ ಇನ್ನೊಬ್ಬನಿಲ್ಲ. ಅವನ ದನಿಯಲ್ಲಿ ದೂರು ಇರಲಿಲ್ಲ, ಹೆಮ್ಮೆ ಇತ್ತು.

"ನೀನು ಕಂಡಿದ್ದು ಮುಂದೆ ನಿಂತವನ ಬೆನ್ನು," ಎಂದ ಕಟಿಂಗ್ ಶಾಪಿನವನು. "ಚೆಂಡಿಗೆ ಅಂತ ಇವಳೂ ಹಾರಿದಳು, ಅವಳೂ ಹಾರಿದಳು, ತಾಗಿತು. ಅಷ್ಟಕ್ಕೆ ಇಷ್ಟು ಪುರಾಣ."

"ತಾಗಿತಂತೆ! ಭುಜ ಎತ್ತಿ ಮುಖಕ್ಕೇ ಕೊಟ್ಟಳಲ್ಲಪ್ಪ. ಇಂಥ ಕೊಳಕು ಆಟ ನಾನು ನೋಡಿಲ್ಲ." ಇದು ಕಟಿಂಗ್ ಶಾಪಿನವನ ಅಕ್ಕನ ಗಂಡ, ಎಲೆಕ್ಟ್ರಿಷಿಯನ್. ಹುಟ್ಟಿದ್ದು ಎದುರಾಳಿ ತಂಡದ ಊರಿನಲ್ಲಿ. ಮದುವೆಯಾಗಿ ಇಲ್ಲಿ ನೆಲೆಸಿ ತಲೆ ನರೆತರೂ ಚೆಂಡಿನ ವಿಷಯದಲ್ಲಿ ಇನ್ನೂ ತವರಿನ ಕಡೆಯೇ.

"ಭಾವ, ಕತ್ತಿ ನಿಮ್ಮ ಗಂಟಲ ಮೇಲಿದೆ. ಸ್ವಲ್ಪ ಯೋಚನೆ ಮಾಡಿ ಮಾತಾಡಿ."

"ಕೊಯ್ದುಬಿಡು. ನಿನ್ನ ಅಕ್ಕನಿಗೆ ನೀನೇ ಉತ್ತರ ಹೇಳು."

ನಗು ಎದ್ದಿತು. ಹೊಲಿಗೆಯಕ್ಕ ನಗಲಿಲ್ಲ.

ಭಾನುವಾರದ ಪಂದ್ಯ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದ್ದಾಗ ಎದುರಾಳಿಗಳಿಗೆ ಮೂಲೆಯಿಂದ ಒದೆಯುವ ಕಾರ್ನರ್ ಕಿಕ್ ಸಿಕ್ಕಿತ್ತು. ಚೆಂಡು ಎತ್ತರದಲ್ಲಿ ತೇಲಿ ಬಂತು. ಗೋಲ್‌ಕೀಪರಿನ ಮುಂದೆ ಕಾವಲಿದ್ದ ಡಿಫೆಂಡರ್ ಇವಳ ಮಗಳು. ಅವಳನ್ನು ದಾಟಿ ಯಾರೂ ಹೋಗಲಾರರೆಂದು ಜನ ಅವಳನ್ನು ಗೋಡೆ ಎಂದೇ ಕರೆಯುತ್ತಿದ್ದರು. ಚೆಂಡಿಗೆ ಹಾರಿ ಬಂದವಳು ಆ ಕಡೆಯ ಚುರುಕು ಹುಡುಗಿ, ಗುಬ್ಬಿ. ಗೋಲು ಆಗಲಿಲ್ಲ, ಪಂದ್ಯ ಗೆದ್ದಾಯಿತು. ಗುಬ್ಬಿಯನ್ನು ಸ್ಟ್ರೆಚರಿನಲ್ಲಿ ಹೊತ್ತುಕೊಂಡು ಹೋದರು. ಕೆನ್ನೆಯ ಮೂಳೆ, ಕಣ್ಣಿನ ಕೆಳಗೇ ಮುರಿದಿತ್ತು. ರೆಫರಿ ಫೌಲ್ ಕೊಡದೆ ಸುಮ್ಮನಾದರೂ ಆ ಊರಿನವರು ದೂರು ಕೊಟ್ಟರು. ಶುಕ್ರವಾರ ಲೀಗಿನವರು ವಿಚಾರಿಸುತ್ತಾರೆ. ಬೇಕೆಂದೇ ಮಾಡಿದ್ದೆಂದು ತೀರ್ಮಾನವಾದರೆ ಒಂದು ಸೀಸನ್ ಆಡುವಂತಿಲ್ಲ.

ಕಂಡಕ್ಟರ್ ಹೊರಟವನು ಇವಳ ಬಾಗಿಲಲ್ಲಿ ತಲೆ ಹಾಕಿದ. ಕೈಯಲ್ಲಿ ಒಂದು ಹಳೆಯ ಬಿಳಿ ಹಾಸುಬಟ್ಟೆ.

"ಅಕ್ಕ, ಈ ಸಲದ ಬ್ಯಾನರು. ಮಾತು ನಂದೇ. 'ಗುದ್ದಿದರೆ ಗೋಡೆಗೇನು ನೋವು?' ಹೇಗಿದೆ?"

ಪ್ರತಿ ಪಂದ್ಯಕ್ಕೂ ಹೊಸ ಬ್ಯಾನರು ಕಟ್ಟುವುದು ಇಲ್ಲಿನ ಅಭಿಮಾನಿಗಳ ರೂಢಿ. ಬಣ್ಣ ಬಳಿಯುವಂತಿಲ್ಲ. ಒಮ್ಮೆ ಬಳಿದಿದ್ದಕ್ಕೆ ತಂಡ ಸೋತಿತ್ತಂತೆ. ಅಂದಿನಿಂದ ಬಟ್ಟೆಯಲ್ಲೇ ಅಕ್ಷರ ಕತ್ತರಿಸಿ ಹೊಲಿಯಬೇಕು, ಅದನ್ನೂ ಹೊಲಿಗೆಯಕ್ಕನೇ ಹೊಲಿಯಬೇಕು. ಅವಳೂ ಖುಷಿಯಿಂದಲೇ ಹೊಲಿಯುತ್ತಿದ್ದಳು. ಗ್ಯಾಲರಿಯ ಕಂಬಿಗೆ ಕಟ್ಟಿದ ಆ ಬಟ್ಟೆಯ ಕೆಳಗೆ ಮಗಳು ಓಡಾಡುವುದನ್ನು ನೋಡಿದರೆ, ತನ್ನ ಸೆರಗಿನ ಕೆಳಗೇ ಆಡುತ್ತಿದ್ದಾಳೆ ಎನಿಸುತ್ತಿತ್ತು.

"ಆ ಹುಡುಗಿ ಇನ್ನೂ ಆಸ್ಪತ್ರೇಲಿದಾಳೆ," ಎಂದಳು.

"ಆಟ ಅಂದಮೇಲೆ ಏಟು ಇದ್ದದ್ದೇ ಅಕ್ಕ. ನಿಮ್ಮ ಮಗಳು ಸಿಂಹಿಣಿ! ಇನ್ನುಮೇಲೆ ಗೋಲಿನ ಹತ್ತಿರ ಬರೋಕೆ ಒಬ್ಬಳಾದರೂ ಧೈರ್ಯ ಮಾಡ್ತಾಳಾ ಕೇಳಿ." ಅವನು ಮೊಬೈಲ್ ತೆಗೆದು ವಿಡಿಯೋ ತೋರಿಸಿದ. ಯಾರೋ ಕಾರ್ನರಿನ ಕಡೆ ಗೆರೆಯಾಚೆ ನಿಂತು ತೆಗೆದದ್ದು. ನಿಧಾನ ಮಾಡಿ ಮತ್ತೆ ಮತ್ತೆ ಓಡಿಸಿದ. ಚೆಂಡು ಇಳಿಯುತ್ತದೆ, ಇಬ್ಬರೂ ನೆಲ ಬಿಡುತ್ತಾರೆ, ಮಗಳ ಭುಜ ಕಿವಿಯವರೆಗೆ ಏರುತ್ತದೆ. "ನೋಡಿ, ಭುಜ ನೋಡಿ! ಎಷ್ಟು ಲೆಕ್ಕಾಚಾರ!"

ಹೊಲಿಗೆಯಕ್ಕ ನೋಡಿದ್ದು ಮುಖವನ್ನು. ಮಸುಕಾಗಿದ್ದರೂ ತನ್ನ ಕೂಸಿನ ಮುಖ ತನಗೆ ತಿಳಿಯದೇ? ಚಿಕ್ಕಂದಿನಲ್ಲಿ ತಲೆಗೆ ನೀರು ಹಾಕಲು ಚೊಂಬು ಎತ್ತಿದರೆ ಸಾಕು, ನೀರು ಬೀಳುವ ಮೊದಲೇ ಕಣ್ಣು ಬಿಗಿಯಾಗಿ ಮುಚ್ಚಿ, ಮುಖವೆಲ್ಲ ಮುದುಡಿ, ಎರಡೂ ಭುಜ ಕಿವಿಗೆ ಏರಿಸಿಬಿಡುತ್ತಿದ್ದಳು. ಅದೇ ಮುಖ. ಅದೇ ಭುಜ.

"ಬಟ್ಟೆ ಇಟ್ಟು ಹೋಗಿ, ನೋಡ್ತೀನಿ," ಎಂದಳು.

ಸಂಜೆ ಮಗಳು ಕೆಲಸದಿಂದ ಬಂದಳು. ಪಾರ್ಸೆಲ್ ಗೋಡೌನಿನಲ್ಲಿ ಡಬ್ಬಗಳನ್ನು ಬೇರೆ ಮಾಡಿ ಜೋಡಿಸುವ ಕೆಲಸ ಅವಳದು. ಮೈಯೆಲ್ಲ ರಟ್ಟಿನ ಧೂಳು. ಅಡುಗೆಮನೆಯ ಮೇಜಿನ ಮೇಲೆ ಹರಡಿದ್ದ ಹಾಸುಬಟ್ಟೆಯನ್ನೂ, ಕತ್ತರಿಸಿಟ್ಟ ನಾಲ್ಕಾರು ಕೆಂಪು ಅಕ್ಷರಗಳನ್ನೂ, ಕಂಡಕ್ಟರ್ ಬರೆದುಕೊಟ್ಟ ಚೀಟಿಯನ್ನೂ ನೋಡಿದಳು.

"ಚೆನ್ನಾಗಿದೆ," ಎಂದಳು.

"ನಿನಗೆ ಚೆನ್ನಾಗಿ ಕಾಣುತ್ತಾ ಇದು?"

"ಎಲ್ಲರೂ ಹಾಗೇ ಅಂತಿದಾರೆ. ಬೇಕಂತಲೇ ಗುದ್ದಿದಳು ಅಂತ. ನಮ್ಮವರೂ ಅದೇ, ಅವರೂ ಅದೇ. ಹಾಗೇ ಇರಲಿ ಬಿಡು."

"ಶುಕ್ರವಾರ ಏನು ಹೇಳ್ತೀಯ?"

"ಏನೂ ಹೇಳಲ್ಲ. ಒಂದು ಸೀಸನ್ ಹೊರಗೆ ಹಾಕ್ತಾರೆ, ಹಾಕಲಿ. ತಿರುಗಿ ಬಂದಾಗ ಎಲ್ಲರೂ ಹೆದರ್ತಾರೆ. ಗೋಡೆಗೆ ಅದು ಒಳ್ಳೇದೇ."

ಹೊಲಿಗೆಯಕ್ಕ ಹಾಲು ಉಕ್ಕದಂತೆ ಒಲೆ ಸಣ್ಣ ಮಾಡಿದಳು. ಮಗಳ ಕಡೆ ತಿರುಗದೆಯೇ ಹೇಳಿದಳು, "ಕಣ್ಣು ಮುಚ್ಚಿಕೊಂಡಿದ್ದೆ ನೀನು."

ಮಗಳು ಕುರ್ಚಿ ಎಳೆದು ಕೂತಳು. ಬೂಟಿನ ದಾರ ಬಿಚ್ಚಲು ಬಗ್ಗಿದವಳು ಬಗ್ಗಿಯೇ ಇದ್ದಳು.

"ಎಲ್ಲ ಸಲವೂ ಹಾಗೇನೇ ಅಮ್ಮ," ಎಂದಳು ಕೊನೆಗೆ. "ಚೆಂಡು ಹಣೆಗೆ ತಾಗೋ ಮುಂಚೆ ತಾನಾಗೇ ಮುಚ್ಚಿಕೊಳ್ಳುತ್ತೆ. ಎಷ್ಟು ಪ್ರಯತ್ನ ಪಟ್ಟರೂ. ಇಲ್ಲಿವರೆಗೆ ಯಾರಿಗೂ ಗೊತ್ತಾಗಿಲ್ಲ. ಅವಳು ಎಲ್ಲಿದ್ದಳು ಅಂತಲೂ ನನಗೆ ಗೊತ್ತಿರಲಿಲ್ಲ. ಸದ್ದು ಕೇಳಿತು, ಅಷ್ಟೇ."

"ಅದನ್ನೇ ಹೇಳಬಹುದಲ್ಲ ಮಗಳೇ."

"ಚೆಂಡು ಕಂಡರೆ ಕಣ್ಣು ಮುಚ್ಚೋಳನ್ನ ಕಾವಲಿಗೆ ಯಾರು ನಿಲ್ಲಿಸ್ತಾರೆ? ಕೊಳಕು ಆಟಗಾರ್ತಿ ಅಂದರೂ ಪರವಾಗಿಲ್ಲ. ಪುಕ್ಕಲಿ ಅನಿಸಿಕೊಂಡು ಮೈದಾನದೊಳಗೆ ಕಾಲಿಡೋಕೆ ಆಗಲ್ಲ." ತಲೆ ಎತ್ತಿದಳು. "ಯಾರಿಗೂ ಹೇಳ್ಬೇಡ. ಆಣೆ."

"ಇಲ್ಲ ಬಿಡು," ಎಂದಳು ತಾಯಿ.

ಹೇಳಬಾರದೆಂದೇ ಇದ್ದಳು. ಮಂಗಳವಾರ ಪೂರ್ತಿ ಹಲಗೆಯ ಆ ಕಡೆಯ ಮಾತಿಗೆ ಕಿವಿ ಕೊಡದಿರಲು ಮಿಷನ್ನನ್ನು ಜೋರಾಗಿ ತುಳಿದಳು. ಬುಧವಾರದ ಹೊತ್ತಿಗೆ ಹೊಸ ಸುದ್ದಿ ಬಂತು. ಗುಬ್ಬಿಗೆ ಆಪರೇಷನ್ ಆಗಿದೆ, ಆದರೆ ಆ ಕಣ್ಣಿಗೆ ಒಂದೊಂದೂ ಎರಡೆರಡಾಗಿ ಕಾಣುತ್ತಿದೆಯಂತೆ. ಅವಳು ಇನ್ನು ಆಡುವುದು ಅನುಮಾನವಂತೆ.

"ಈಗ ಹೇಳಿ, ಸಿಂಹಿಣಿ ಅಂತ!" ಎಲೆಕ್ಟ್ರಿಷಿಯನ್ನಿನ ದನಿ ಹಲಗೆ ದಾಟಿ ಬಂತು. "ಒಂದು ಮಗುವಿನ ಕಣ್ಣು ಹೋಯಿತು. ಅದಕ್ಕೆ ಬ್ಯಾನರು ಬೇರೆ! ಹೊಲಿಯೋಕೆ ಆ ತಾಯಿಗಾದರೂ ಕೈ ಹೇಗೆ ಬರುತ್ತೋ? ಅಮ್ಮನ ಹಾಗೇ ಮಗಳು."

"ಭಾವ, ಮೆಲ್ಲಗೆ. ಪಕ್ಕದಲ್ಲೇ ಇದಾರೆ."

"ಇರಲಿ, ಕೇಳಿಸಲಿ."

ಕೇಳಿಸಿತು. ಹೊಲಿಗೆಯಕ್ಕ ಎದ್ದಳು. ಟೇಪು ಇನ್ನೂ ಕೊರಳಲ್ಲೇ ಇತ್ತು. ಕಟಿಂಗ್ ಶಾಪಿನ ಬಾಗಿಲಲ್ಲಿ ನಿಂತು, ಮುಖಕ್ಕೆ ನೊರೆ ಮೆತ್ತಿಸಿಕೊಂಡಿದ್ದ ಕಂಡಕ್ಟರನ್ನೂ, ಬೆಂಚಿನ ಮೇಲಿದ್ದ ಎಲೆಕ್ಟ್ರಿಷಿಯನ್ನನ್ನೂ ನೋಡಿದಳು.

"ಅಣ್ಣ, ನನ್ನ ಮಗಳು ಯಾರಿಗೂ ಬೇಕಂತ ಹೊಡೆಯೋಳಲ್ಲ. ಅವಳಿಗೆ ಭಯ. ಕಣ್ಣು ಮುಚ್ಚಿಕೊಂಡೇ ಹಾರಿದ್ದು. ನಂಬಿಕೆ ಇಲ್ಲದಿದ್ದರೆ ವಿಡಿಯೋದಲ್ಲಿ ಮುಖ ನೋಡಿ, ಭುಜ ಬಿಟ್ಟು ಮುಖ ನೋಡಿ. ಆ ಹುಡುಗಿ ಅಲ್ಲಿದ್ದಾಳೆ ಅಂತಲೂ ಅವಳಿಗೆ ಗೊತ್ತಿರಲಿಲ್ಲ."

ಕಂಡಕ್ಟರ್ ನೊರೆಯ ಮುಖದಲ್ಲೇ ಮೊಬೈಲ್ ತೆಗೆದ. ಮೂವರೂ ಬಗ್ಗಿ ನೋಡಿದರು. ಚಿತ್ರವನ್ನು ನಿಲ್ಲಿಸಿ, ಬೆರಳಿನಿಂದ ಹಿಗ್ಗಿಸಿದರು.

"ಹೌದಲ್ಲ," ಎಂದ ಕಟಿಂಗ್ ಶಾಪಿನವನು ಮೆತ್ತಗೆ. "ಪಾಪ."

ಎಲೆಕ್ಟ್ರಿಷಿಯನ್ ಎದ್ದು ನಿಂತು, "ತಪ್ಪಾಯ್ತಮ್ಮ, ತಿಳಿಯದೆ ಅಂದೆ," ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅವಳ ಎದೆ ಹಗುರವಾಯಿತು. ಅಷ್ಟರಲ್ಲಿ ಕಂಡಕ್ಟರ್ ನಕ್ಕುಬಿಟ್ಟ. ಕೆಟ್ಟ ಮನಸ್ಸಿನವನಲ್ಲ, ಆದರೆ ನಾಲಿಗೆಗೆ ಬಂದದ್ದನ್ನು ನುಂಗುವ ಅಭ್ಯಾಸ ಅವನಿಗಿಲ್ಲ.

"ಇಷ್ಟು ದಿನ ನಮ್ಮ ಗೋಡೆ ಕಣ್ಣಾಮುಚ್ಚಾಲೆ ಆಡ್ತಿತ್ತು ಅನ್ನಿ!"

ಆ ಮಾತು ಅವನ ಬಸ್ಸು ಹತ್ತಿತು. ಬಸ್ಸು ಹೋದಲ್ಲೆಲ್ಲ ಇಳಿಯಿತು. ಮರುದಿನ ಮಗಳು ಗೋಡೌನಿಗೆ ಹೋದಾಗ ಫೋರ್ಕ್‌ಲಿಫ್ಟ್ ಓಡಿಸುವವನು ದೂರದಿಂದಲೇ ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡು "ಕೂ" ಎಂದನಂತೆ. ಇದನ್ನು ಅವಳಾಗಿ ಹೇಳಲಿಲ್ಲ. ಅವಳ ಜೊತೆ ಕೆಲಸ ಮಾಡುವವಳೊಬ್ಬಳು ರವಿಕೆ ಹೊಲಿಸಲು ಬಂದಾಗ ಹೇಳಿದ್ದು. ಮನೆಗೆ ಬಂದ ಮಗಳು ಕೂಗಾಡಬಹುದೆಂದು ಹೊಲಿಗೆಯಕ್ಕ ಕಾದಿದ್ದಳು. ಮಗಳು ಕೈಕಾಲು ತೊಳೆದು ಬಂದು, ತಟ್ಟೆಯ ಮುಂದೆ ಕೂತು, "ಹೇಳಿಬಿಟ್ಟೆಯಾ ಅಮ್ಮ," ಎಂದಳು. ಪ್ರಶ್ನೆಯೂ ಅಲ್ಲದ, ಬೈಗುಳವೂ ಅಲ್ಲದ ಮಾತು. ಬೈದಿದ್ದರೆ ಸಮಾಧಾನ ಮಾಡಬಹುದಿತ್ತು.

"ನಿನ್ನ ಬಗ್ಗೆ ಕೆಟ್ಟ ಮಾತು ಕೇಳೋಕೆ ಆಗಲಿಲ್ಲ ಕಂದ."

"ಅದು ನನ್ನ ಮಾತಾಗಿತ್ತು. ಕೆಟ್ಟದೋ ಒಳ್ಳೇದೋ, ನಾನು ಹೇಳಬೇಕಾಗಿತ್ತು."

ಶುಕ್ರವಾರದ ವಿಚಾರಣೆ ಬೇಗನೇ ಮುಗಿಯಿತು. ವಿಡಿಯೋ ನೋಡಿದರು, ಕಣ್ಣು ಮುಚ್ಚಿದ್ದು ನಿಜವೇ ಎಂದು ಮಗಳನ್ನು ಕೇಳಿದರು, ಅವಳು ಹೌದೆಂದಳು. ತಪ್ಪು ಉದ್ದೇಶವಿಲ್ಲ ಎಂದು ತೀರ್ಮಾನ. ಅಲ್ಲಿಂದ ಹೊರಗೆ ಬಂದವಳೇ, "ಆಸ್ಪತ್ರೆಗೆ ಹೋಗಬೇಕು, ಬರ್ತೀಯಾ?" ಎಂದಳು. ತಾಯಿ ಒಂದು ಚೀಲ ಕಿತ್ತಳೆ ಕೊಂಡಳು.

ಗುಬ್ಬಿ ಗೋಡೆಗೆ ಒರಗಿ ಮಂಚದ ಮೇಲೆ ಕೂತಿದ್ದಳು. ಕಣ್ಣಿನ ಕೆಳಗೆ ಕೆನ್ನೆಗೆಲ್ಲ ಪಟ್ಟಿ. ಅಷ್ಟು ಚಿಕ್ಕವಳೆಂದು ಹೊಲಿಗೆಯಕ್ಕನಿಗೆ ಮೈದಾನದಲ್ಲಿ ತಿಳಿದೇ ಇರಲಿಲ್ಲ. ಮಗಳು ಮಂಚದ ತುದಿಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು: ಭಯ, ಕಣ್ಣು, ಸದ್ದು. ಕೊನೆಗೆ, "ಕ್ಷಮಿಸು," ಎಂದಳು.

ಗುಬ್ಬಿ ಹೊದಿಕೆಯ ಅಂಚನ್ನು ಮಡಚಿದಳು, ಬಿಚ್ಚಿದಳು.

"ಎಲ್ಲರೂ ನೀನು ಬೇಕಂತ ಮಾಡಿದೆ ಅಂದರು," ಎಂದಳು. "ನಾನೂ ನಂಬಿದ್ದೆ. ದಿನಾ ಎದ್ದ ತಕ್ಷಣ ನಿನ್ನನ್ನು ಬೈತಿದ್ದೆ. ಹಾಯಾಗಿತ್ತು. ಈಗ ನನ್ನ ಕಣ್ಣಿಗೆ ನೀನು ಇಬ್ಬರಾಗಿ ಕಾಣ್ತಿದೀಯ, ಇಬ್ಬರಲ್ಲಿ ಒಬ್ಬಳನ್ನೂ ಬೈಯೋ ಹಾಗಿಲ್ಲ. ಯಾರನ್ನ ಬೈಲಿ?"

ಹೊಲಿಗೆಯಕ್ಕ ಒಂದು ಕಿತ್ತಳೆ ಸುಲಿದು, ನಾರು ತೆಗೆದು, ತೊಳೆಗಳನ್ನು ಒಂದೊಂದಾಗಿ ಅವಳ ಅಂಗೈಗೆ ಇಟ್ಟಳು. ಗುಬ್ಬಿ ತಿಂದಳು. ಅಗಿಯುವಾಗ ನೋವಾಗಿ ನಿಲ್ಲಿಸಿದಳು, ಮತ್ತೆ ತಿಂದಳು.

ಭಾನುವಾರ ಮತ್ತೊಂದು ಪಂದ್ಯ, ಬೇರೆ ತಂಡದ ಜೊತೆ. ಕೋಚ್ ಮೇಡಮ್ ಏನೂ ಮಾತಾಡದೆ ಮಗಳನ್ನು ಎಂದಿನ ಜಾಗದಲ್ಲೇ ನಿಲ್ಲಿಸಿದರು. ಗ್ಯಾಲರಿಯ ಕಂಬಿಗೆ ಬ್ಯಾನರು ಇರಲಿಲ್ಲ. ಹೊಲಿಗೆಯಕ್ಕ ಹೊಲಿದಿರಲಿಲ್ಲ, ಯಾರೂ ಮತ್ತೆ ಕೇಳಿಯೂ ಇರಲಿಲ್ಲ. ಕಂಡಕ್ಟರ್ ಮಾತ್ರ ಪಕ್ಕದಲ್ಲಿ ಬಂದು ಕೂತು, "ಅಕ್ಕ, ಅವತ್ತು ನಾನು ತಮಾಷೆಗೆ..." ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟ. ಚೆಂಡು ಮೇಲೆದ್ದಾಗಲೆಲ್ಲ ಹಿಂದಿನ ಸಾಲಿನಿಂದ ಯಾರೋ "ಕೂ" ಎನ್ನುತ್ತಿದ್ದರು. ಒಮ್ಮೆ ಕಂಡಕ್ಟರೇ ತಿರುಗಿ, "ಮುಚ್ಚೋ ಬಾಯಿ!" ಎಂದು ಗದರಿದ.

ದ್ವಿತೀಯಾರ್ಧದಲ್ಲಿ ಕಾರ್ನರ್ ಬಂತು. ಚೆಂಡು ತೇಲಿ ಇಳಿಯಿತು. ಆ ಕಡೆಯ ಹುಡುಗಿಯೊಬ್ಬಳು ಓಡಿ ಬಂದು ಹಾರಿದಳು. ಹೊಲಿಗೆಯಕ್ಕ ಮಗಳ ಮುಖವನ್ನೇ ನೋಡುತ್ತಿದ್ದಳು. ಕಣ್ಣು ತೆರೆದೇ ಇತ್ತು, ಪೂರ್ತಿ ತೆರೆದಿತ್ತು. ಮಗಳು ಹಾರಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಚೆಂಡು ಬಲೆಗೆ ಹೋಯಿತು.

ಬೈಗುಳ ಸುರಿಯಿತು. ಕೋಚ್ ಮೇಡಮ್ ಕೈ ಎತ್ತಿ ಬದಲಿ ಆಟಗಾರ್ತಿಯನ್ನು ಕರೆದರು. ಮಗಳು ಯಾರ ಮುಖವನ್ನೂ ನೋಡದೆ ಗೆರೆ ದಾಟಿ, ನೀರಿನ ಬಾಟಲಿಯನ್ನೂ ಮುಟ್ಟದೆ, ಗ್ಯಾಲರಿಯ ಕಂಬಿಯ ಹತ್ತಿರ ಬಂದು ನಿಂತಳು. ಹೊಲಿಗೆಯಕ್ಕ ಮೆಟ್ಟಿಲಿಳಿದು ಬಂದಳು. ಇಬ್ಬರ ನಡುವೆ ಕಂಬಿ ಇತ್ತು.

"ನೋಡಿದೆ ಅಮ್ಮ," ಎಂದಳು ಮಗಳು. "ಅವಳು ಬರೋದು ಪೂರ್ತಿ ನೋಡಿದೆ. ನೋಡಿದ ಮೇಲೆ ಹಾರೋಕೆ ಆಗಲಿಲ್ಲ."

ಹೊಲಿಗೆಯಕ್ಕ ಕಂಬಿಯ ಸಂದಿಯಿಂದ ಕೈ ಚಾಚಿ, ಮಗಳ ಹಣೆಗೆ ಅಂಟಿದ್ದ ಕೂದಲನ್ನು ಹಿಂದೆ ಸರಿಸಿದಳು. ಕೈ ಹತ್ತಿರ ಬಂದಾಗ ಮಗಳು ಕಣ್ಣು ಮಿಟುಕಿಸಲಿಲ್ಲ.