ಅಂಗೈಯ ಗದ್ದಿಗೆ

ಆ ಮುಂಜಾನೆ ತೆಲುಗು ನಾಡಿನ ಅಮೀರ್‌ಪೇಟೆಯ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ದಪ್ಪಗೆ ಕೂತಿತ್ತು. ಜಾವಾ, ಒರಾಕಲ್, ಡಾಟ್‌ನೆಟ್ ಎಂದು ಗೋಡೆಗೋಡೆಗೂ ಜೋತುಬಿದ್ದ ಕಂಪ್ಯೂಟರ್ ಕ್ಲಾಸುಗಳ ಬೋರ್ಡುಗಳಲ್ಲಿ ಒಂದೂ ಕಾಣುತ್ತಿರಲಿಲ್ಲ. ಎಳ್ಳಮಾವಾಸ್ಯೆಯ ಚಳಿ ಅದು. ಗಾಳಿಯಿಲ್ಲದಿದ್ದರೂ ನೆಟ್ಟಗೆ ಎಲುಬಿಗೆ ಹೋಗಿ ತಟ್ಟುವಂಥದ್ದು. ಕಲಬುರಗಿ ಕಡೆ ಈ ಹೊತ್ತಿಗೆ ಜನ ಬುತ್ತಿ ಕಟ್ಟಿಕೊಂಡು, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲದ ಹಾದಿ ಹಿಡಿದಿರುತ್ತಾರೆ. ಗದಿಗೆಮ್ಮ ಮಾತ್ರ ತನ್ನ ಖಾನಾವಳಿಯ ಹಿಂದಿನ ಕೋಣೆಯಲ್ಲಿ, ಹಾಸಿಗೆಯ ಮೇಲೆ ಕೂತು ತನ್ನ ಎಡಗೈಯನ್ನೇ ನೋಡುತ್ತಿದ್ದಳು. ರಾತ್ರಿಯೆಲ್ಲ ಮುಚ್ಚಿಕೊಂಡಿದ್ದ ಬೆರಳುಗಳು ಬಿಚ್ಚಿಕೊಳ್ಳಲು ಒಲ್ಲೆವೆನ್ನುತ್ತಿದ್ದವು. ಬಲಗೈಯಿಂದ ಒಂದೊಂದೇ ಬೆರಳನ್ನು ಹಿಡಿದು ಬಿಡಿಸಿದಳು, ಹಸುಗೂಸಿನ ಮುಷ್ಟಿ ಬಿಡಿಸಿದ ಹಾಗೆ. ಬಲಗೈಯೇನು ಕಡಿಮೆ ಇರಲಿಲ್ಲ. ಅದೂ ಕುಂಯ್‌ಗುಟ್ಟುತ್ತಲೇ ಕೆಲಸ ಮಾಡಿತು.

'ಇವತ್ತರೆ ಮಾತು ಕೇಳು' ಎಂದಳು ಕೈಗೆ.

ಎರಡು ಸಾವಿರದ ಆರರ ಮಳೆಗಾಲದಲ್ಲಿ ಊರೂರನ್ನೇ ಮಲಗಿಸಿದ ಜ್ವರ ಅವಳನ್ನೂ ಮಲಗಿಸಿತ್ತು. ನಿಂತವಳು ನಿಂತಲ್ಲೇ ಕುಸಿದಳು. ಗಂಡ ಸಂಗಣ್ಣ ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದ. ಸಲೈನ್ ಹತ್ತಿತು, ಇಳಿಯಿತು, ಜ್ವರ ಬಿಟ್ಟಿತು. ಬೀಗರು ಬಂದು ಉಂಡು ಹೋದರೂ ಅವರ ಗಂಟುಮೂಟೆ ಪಡಸಾಲೆಯಲ್ಲೇ ಉಳಿದಂತೆ, ನೋವು ಮಾತ್ರ ಕೀಲುಗಳಲ್ಲಿ ಉಳಿದುಬಿಟ್ಟಿತು. ಮಣಿಕಟ್ಟು, ಬೆರಳ ಗೆಣ್ಣು, ಕಾಲಿನ ಹರಡು ಎಲ್ಲ ಕಡೆಯೂ. ಜ್ವರದ ಕ್ರಿಮಿ ಎಂದೋ ಹೋಗಿದೆ, ಅದು ಹೊತ್ತಿಸಿದ ಉರಿ ಮಾತ್ರ ಇದೆ, ಕೆಲವರಿಗೆ ತಿಂಗಳು, ಕೆಲವರಿಗೆ ವರ್ಷ, ಊಟ ಮಾಡಿ ಗುಳಿಗೆ ತಗೋಳಮ್ಮಾ ಎಂದು ಡಾಕ್ಟರು ತೆಲುಗಿನಲ್ಲಿ ತಾಳ್ಮೆಯಿಂದ ಹೇಳಿದ್ದರು.

ಆ ರೋಗದ ಹೆಸರೊಂದು ಬೇರೆ ಅವಳ ಮಾನಕ್ಕೆ ಮುಳುವಾಗಿತ್ತು. ಚಿಕೂನ್‌ಗುನ್ಯಾ ಎಂಬುದು ಜನರ ಬಾಯಿಗೆ ಬಿದ್ದು ಚಿಕನ್ ಗುನ್ಯಾ ಆಯಿತು. ಲಿಂಗಾಯತ ಖಾನಾವಳಿ ಎಂದು ಬೋರ್ಡು ಹಾಕಿಕೊಂಡವಳಿಗೆ ಚಿಕನ್ನಿನ ಜ್ವರ! ಓಣಿಯೆಲ್ಲ ನಕ್ಕಿತು. ರೊಟ್ಟಿ ಬಡಿಯಲು ಹೊಸದಾಗಿ ಸೇರಿದ್ದ ಹಂಪಮ್ಮ, ಸಿಂಧನೂರು ಕಡೆಯ ಬಡಪಾಯಿ, ನಾಲ್ಕು ದಿನ ತಡೆದುಕೊಂಡು ಐದನೆಯ ದಿನ ಕೇಳಿಯೇಬಿಟ್ಟಳು.

"ಅಕ್ಕಾರ, ಬೈಬ್ಯಾಡ್ರಿ ಮತ್ತ. ಎಲ್ಲೆರೆ ಒಂದು ತುಣುಕು ಬಾಯಿಗೆ ಬಿದ್ದಿತ್ತೇನ್ರಿ?"

"ಬಿದ್ದಿದ್ರ ಅದರ ರುಚಿನಾದ್ರೂ ಗೊತ್ತಿರ್ತಿತ್ತಲ್ಲ ನನಗ" ಎಂದು ಗದಿಗೆಮ್ಮ ನಕ್ಕಿದ್ದಳು.

ನಕ್ಕಳೇನೋ ನಿಜ. ಒಳಗೆ ಮಾತ್ರ ಹುಳ ಕೊರೆಯತೊಡಗಿತು. ತಿಂದಿಲ್ಲ, ಸರಿ. ಹಾಗಾದರೆ ಮತ್ತೇನು ತಪ್ಪು ಮಾಡಿದೆ? ನೋಯಲು ಬೇರೆ ಜಾಗವೇ ಇರಲಿಲ್ಲವೇ, ಶಿವನೇ, ಈ ಎಡಗೈಯನ್ನೇ ಯಾಕೆ ಹಿಡಿದೆ?

ಎಡ ಅಂಗೈ ಎಂದರೆ ಅವಳಿಗೆ ಗುಡಿ. ತೊಟ್ಟಿಲಲ್ಲಿದ್ದಾಗಲೇ ಅಯ್ಯನವರು ಕೊರಳಿಗೆ ಕಟ್ಟಿದ ಲಿಂಗವನ್ನು ದಿನವೂ ಮಿಂದು, ವಿಭೂತಿ ಧರಿಸಿ, ಆ ಅಂಗೈಯ ಮೇಲೆ ಇಟ್ಟುಕೊಂಡು, ಕಣ್ಣು ನೆಟ್ಟು ಕೂತರೆ ಒಲೆಯ ಮೇಲಿನ ಎಸರು ಉಕ್ಕಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಜ್ವರದ ನಂತರ ಅಂಗೈ ಸಮವಾಗಿ ಚಾಚಲೊಲ್ಲದು. ಚಾಚಿದರೆ ಮಣಿಕಟ್ಟು ನಡುಗುತ್ತದೆ. ಲಿಂಗ ಕೈಜಾರಿ ನೆಲಕ್ಕೆ ಬಿದ್ದರೆ ಏನು ಗತಿ? ಇನ್ನೊಬ್ಬರ ಲಿಂಗವನ್ನು ಮತ್ತೊಬ್ಬರು ಮುಟ್ಟುವ ಹಾಗಿಲ್ಲ, ಹಿಡಿದುಕೊಡಿ ಎಂದು ಕೇಳುವ ಹಾಗೂ ಇಲ್ಲ. ಮಣೆಯ ಮೇಲಿಟ್ಟು ಪೂಜಿಸವ್ವ, ಶಿವ ಏನೂ ತಪ್ಪು ತಿಳಿಯೋದಿಲ್ಲ ಎಂದು ಊರಿಂದ ಬಂದಿದ್ದ ಅಯ್ಯನವರು ಸಮಾಧಾನ ಹೇಳಿ ಹೋಗಿದ್ದರು. ತಿಂಗಳುಗಟ್ಟಲೆ ಹಾಗೇ ಮಾಡಿದಳು. ಆದರೆ ಕಟ್ಟಿಗೆಯ ಮಣೆಗೇನು ಗೊತ್ತು? ಅದರ ಮೇಲೆ ಲಿಂಗ ಇತ್ತು, ಮನಸ್ಸು ಇರಲಿಲ್ಲ. ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ, ಗರಿ ಸುಟ್ಟ ಹಕ್ಕಿಯಂತೆ ಒಳಗೂ ಹೊರಗೂ ಓಡಾಡುವುದೇ ಅವಳ ದಿನಚರಿಯಾಯಿತು.

ಎಳ್ಳಮಾವಾಸ್ಯೆಗೆ ಅಂಗೈಯ ಮೇಲೆಯೇ ಪೂಜೆ ಎಂದು ಅವಳು ಮನಸ್ಸಿನಲ್ಲೇ ಶಿವನಿಗೆ ಮಾತು ಕೊಟ್ಟಿದ್ದಳು. ಯಾರಿಗೂ ಹೇಳಿರಲಿಲ್ಲ.

ಬಿಸಿನೀರು ಹಾಕಿಕೊಂಡು ಬಂದು, ಬಾಗಿಲು ಮುಚ್ಚಿಕೊಂಡು ಕೂತಳು. ವಸ್ತ್ರ ಬಿಚ್ಚಿ ಲಿಂಗವನ್ನು ಎಡ ಅಂಗೈಗೆ ತಂದಳು. ತಣ್ಣಗೆ, ಕಪ್ಪಗೆ, ಪರಿಚಿತವಾದ ಆ ಭಾರ. ಕಣ್ಣಲ್ಲಿ ನೀರು ಬಂತು. ಬಲಗೈಯಿಂದ ನೀರಿನ ಗಿಂಡಿ ಎತ್ತುವಷ್ಟರಲ್ಲಿ ಮಣಿಕಟ್ಟಿನೊಳಗೆ ಚಳಕ್ ಎಂದಿತು. ಕೈ ಒಮ್ಮೆಲೇ ವಾಲಿತು. ಲಿಂಗ ಜಾರಿ, ಪುಣ್ಯಕ್ಕೆ, ಮಡಿಲ ಸೆರಗಿನಲ್ಲಿ ಬಿತ್ತು.

ಬಲಗೈಯಿಂದ ಅದನ್ನೆತ್ತಿ ಕಣ್ಣಿಗೊತ್ತಿಕೊಂಡು, ಮತ್ತೆ ಕೊರಳಿಗೆ ಕಟ್ಟಿ ಹೊರಗೆ ಬಂದಳು. ಪೂಜೆಯಾಗದೆ ತುತ್ತು ಮುಟ್ಟುವವಳಲ್ಲ. ತುತ್ತು ಮುಟ್ಟದೆ ಗುಳಿಗೆ ನುಂಗುವ ಹಾಗಿರಲಿಲ್ಲ.

ಮಧ್ಯಾಹ್ನ ಖಾನಾವಳಿ ಕಿಕ್ಕಿರಿಯಿತು. ಬೀದರ್, ಯಾದಗಿರಿ, ರಾಯಚೂರಿನಿಂದ ಕಂಪ್ಯೂಟರ್ ಕಲಿಯಲು ಬಂದು ಹಾಸ್ಟೆಲ್‌ಗಳಲ್ಲಿ ಬಿದ್ದಿದ್ದ ಹುಡುಗರೆಲ್ಲ ಸಜ್ಜೆ ರೊಟ್ಟಿ, ಸೊಪ್ಪು ಕಾಳು ಬೆರೆಸಿ ಬೇಯಿಸಿದ ಭಜ್ಜಿ ಎಂದು ಮುಗಿಬಿದ್ದರು. ಒಳಗೆ ಹಂಪಮ್ಮನ ರೊಟ್ಟಿಯ ಸದ್ದು ತಾಳ ತಪ್ಪದೆ ಬರುತ್ತಿತ್ತು. ಹುಡುಗರಲ್ಲಿ ಕಾರ್ತಿಕನೆಂಬುವನು, ಹಂಪಮ್ಮನ ರೊಟ್ಟಿ ಇವತ್ತು ದುಂಡಗೆ ಬಂದಿದೆ, ಅವಳು ಪಾಸಾದಳು, ನಮ್ಮ ರಿಸಲ್ಟೇ ಇನ್ನೂ ಬಂದಿಲ್ಲ ಎಂದು ಎಲ್ಲರನ್ನೂ ನಗಿಸಿದ. ಗದಿಗೆಮ್ಮ ನಗಲಿಲ್ಲ. ಭಜ್ಜಿ ಬಡಿಸಿದವರಿಗೇ ಮತ್ತೆ ಬಡಿಸಿದಳು. ಉಪ್ಪು ಕೇಳಿದವನಿಗೆ ನೀರು ಕೊಟ್ಟಳು. ಹಿಟ್ಟು ಚೆಲ್ಲಿದ್ದಕ್ಕೆ ಹಂಪಮ್ಮನಿಗೆ ಬೈದಳು. ಚೆಲ್ಲಿದ್ದು ತಾನೇ ಎಂದು ತಿಳಿದಾಗ ಅದಕ್ಕೂ ಅವಳಿಗೇ ಬೈದಳು.

ಹಂಪಮ್ಮ ಸಿಟ್ಟಾಗಲಿಲ್ಲ. ಗೂಡಿನಲ್ಲಿ ಗುಳಿಗೆ ಹಾಗೇ ಇದ್ದುದನ್ನು ಕಂಡಳು, ಹೋಗಿ ಸಂಗಣ್ಣನ ಕಿವಿಯಲ್ಲಿ ಹೇಳಿದಳು.

ಸಂಗಣ್ಣ ಒಳ್ಳೆಯ ಮನುಷ್ಯ, ಆದರೆ ದೇವರ ವಿಷಯದಲ್ಲಿ ಮೈಗಳ್ಳ. ಕೊರಳಲ್ಲಿ ಲಿಂಗವೇನೋ ಇತ್ತು, ಅಂಗಿಯೊಳಗೇ ಇತ್ತು. ಪೂಜೆ ಮಾಡಿಕೊಳ್ಳಿ ಎಂದರೆ, 'ಹೇಣತಿ ಅಂದ್ರ ಅರ್ಧ ಅಂಗ ಅಂತಾರ. ಆ ಅರ್ಧ ಮಾಡಾಕತ್ತೈತಲ್ಲ, ಈ ಅರ್ಧಕ್ಕ ಅಷ್ಟ ಸಾಕು' ಎಂದು ನಗೆ ಹಾರಿಸಿ ಗಲ್ಲಾಕ್ಕೆ ಕೂರುತ್ತಿದ್ದ. ಅವಳೂ ಅವನ ಹೆಸರಿನ ಒಂದು ಪತ್ರೆಯನ್ನು ದಿನವೂ ಬೇರೆಯಾಗಿ ಏರಿಸುತ್ತಿದ್ದಳು.

ಹುಡುಗರೆಲ್ಲ ಎದ್ದು ಹೋದ ಮೇಲೆ ಅವನು ಹಿಂದಿನ ಕೋಣೆಗೆ ಬಂದ.

"ಗುಳಿಗಿ ಯಾಕ ತಗೊಂಡಿಲ್ಲ?"

"ಉಂಡ ಮ್ಯಾಲ ತಗೋ ಅಂದಾರ."

"ಉಣ್ಣು ಮತ್ತ."

"ಪೂಜಿ ಆಗಿಲ್ಲ."

ಮಣೆಯ ಮೇಲೆ ಇಟ್ಟು ಮಾಡಬಾರದೇ ಎಂದು ಅವನು ಮೆಲ್ಲಗೆ ಹೇಳಿ ನೋಡಿದ. ಅವಳು ಗೋಡೆಯ ಕಡೆ ತಿರುಗಿದಳು. ಮುಂಜಾನೆ ಏನಾಯಿತೆಂದು ಗೋಡೆಗೇ ಹೇಳಿದಳು. ಮಡಿಲಲ್ಲಿ ಬಿದ್ದಿತೆಂಬ ಮಾತು ಬಂದಾಗ ಕೊರಳ ಲಿಂಗವನ್ನು ಮುಟ್ಟಿಕೊಂಡಳು.

"ರೊಟ್ಟಿ ಬಡಿಯಾಕ ಹಂಪಮ್ಮ ಬಂದ್ಲು. ಭಾಂಡಿ ತೊಳಿಯಾಕ ಇನ್ನೊಬ್ಬಾಕಿ ಬಂದ್ಲು. ಅಂಗೈ ಹಿಡಿಯಾಕ ಯಾರನ್ನ ಕರೀಲಿ, ಹೇಳ್ರಿ?"

ಸಂಗಣ್ಣ ತಿರುಗಿ ಹೊರಟುಹೋದ. ಹೋದನಲ್ಲ, ಇವನಿಗೂ ಬೇಸರ ಬಂತು ಎಂದುಕೊಂಡಳು ಗದಿಗೆಮ್ಮ. ಕೂತಳು, ಎದ್ದಳು, ಕಿಟಕಿಗೆ ಹೋದಳು, ತಿರುಗಿ ಬಂದಳು. ಬಚ್ಚಲಲ್ಲಿ ತಂಬಿಗೆಯ ಸದ್ದಾಯಿತು. ಬೆಳಗ್ಗೆ ಒಮ್ಮೆ ಮಿಂದ ಗಂಡಸು ಈ ಚಳಿಯಲ್ಲಿ ತಣ್ಣೀರು ಹೊಯ್ದುಕೊಳ್ಳುತ್ತ ಹೂ ಹೂ ಎನ್ನುತ್ತಿದ್ದ.

ಬಂದಾಗ ಪಂಚೆ ಉಟ್ಟಿದ್ದ, ಹಣೆಗೆ ಮೂರೆಳೆ ವಿಭೂತಿ ಅಂಕುಡೊಂಕಾಗಿ ಬಿದ್ದಿತ್ತು. ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತು ತನ್ನ ಎಡ ಅಂಗೈಯನ್ನು ಚಾಚಿದ.

"ಕೈ ಇಡು ಇದರ ಮ್ಯಾಲ."

ಅವಳು ಹಿಂದೆ ಸರಿದಳು. "ಬ್ಯಾಡ್ರಿ. ನನ್ನ ಲಿಂಗ ನೀವು ಮುಟ್ಟಬಾರದು."

"ಲಿಂಗ ಎಲ್ಲಿ ಮುಟ್ಟಾಕತ್ತೀನಿ? ನಿನ್ನ ಕೈ ಮುಟ್ಟಾಕತ್ತೀನಿ."

ಅವಳು ಅವನ ಮುಖ ನೋಡಿದಳು. ಅದರಲ್ಲಿ ನಗೆಚಾಟಿಕೆ ಇರಲಿಲ್ಲ. ತನ್ನ ಊದಿದ ಕೈಯನ್ನು ತಂದು ಆ ಅಗಲ ಅಂಗೈಯ ಮೇಲಿಟ್ಟಳು. ಬೆರಳುಗಳು ಅರ್ಧ ಮುದುಡಿಯೇ ಇದ್ದವು. ಅವನು ಒತ್ತಲಿಲ್ಲ, ಬಿಡಿಸಲಿಲ್ಲ. ಕೆಳಗಿನಿಂದ ಸುಮ್ಮನೆ ಹೊತ್ತುಕೊಂಡ. ಆ ಗೂಡಿನೊಳಗೆ ಅವಳು ಲಿಂಗವನ್ನು ಕೂರಿಸಿದಳು. ನೋವಿತ್ತು. ಮಣಿಕಟ್ಟು ನಡುಗಿತು. ನಡುಕ ಕೆಳಗಿನ ಅಂಗೈಗೆ ಇಳಿದು ಅಲ್ಲೇ ಇಂಗಿತು. ಗಿಂಡಿಯ ನೀರು ಹನಿ ಹನಿಯಾಗಿ ಲಿಂಗದ ಮೇಲೆ, ಅಲ್ಲಿಂದ ಅವಳ ಬೆರಳ ಸಂದಿಗೆ, ಅಲ್ಲಿಂದ ಅವನ ಮೊಣಕೈಗೆ ಹರಿಯಿತು. ವಿಭೂತಿ ಇಟ್ಟಳು. ಪತ್ರೆ ಏರಿಸಿದಳು. ರೂಢಿಯಂತೆ ಅವನ ಪಾಲಿನ ಪತ್ರೆಗೆ ಬಲಗೈ ಚಾಚಿದಳು.

ಸಂಗಣ್ಣ ತಲೆಯಾಡಿಸಿದ. "ಅದು ಇರಲಿ."

ಅವಳು ಕಣ್ಣು ನೆಟ್ಟಳು. ಓಣಿಯಲ್ಲಿ ಆಟೋಗಳು ಕೂಗುತ್ತಿದ್ದವು. ಅವು ಎಷ್ಟು ಹೊತ್ತು ಕೂಗಿದವೋ ಅವಳಿಗೆ ತಿಳಿಯದು. ಪೂಜೆ ಮುಗಿಸಿ, ತೀರ್ಥ ತೆಗೆದುಕೊಂಡು, ಲಿಂಗವನ್ನು ಕೊರಳಿಗೆ ಕಟ್ಟಿ ತನ್ನ ಕೈಯನ್ನು ಎತ್ತಿಕೊಂಡಳು.

ಕೆಳಗಿದ್ದ ಅಂಗೈ ಹಾಗೇ ಚಾಚಿಕೊಂಡಿತ್ತು. ಇನ್ನೊಂದು ಕೈಯಿಂದ ಸಂಗಣ್ಣ ಕೊರಳ ದಾರ ಎಳೆದು, ಗಂಟು ಬಿಚ್ಚಲು ಸ್ವಲ್ಪ ತಡವರಿಸಿ, ತನ್ನ ಲಿಂಗವನ್ನು ಹೊರಗೆ ತೆಗೆದ. ಅವಳ ಕೈಯ ಬಿಸುಪು ಇನ್ನೂ ಆರದ ಆ ಅಂಗೈಯ ಮೇಲೆ ಅದನ್ನು ಇಟ್ಟುಕೊಂಡು, ಉಳಿದಿದ್ದ ಪತ್ರೆಯನ್ನು ತಾನೇ ಎತ್ತಿ ಏರಿಸಿದ.