ಪೆನ್ಸಿಲ್ ಉಜ್ಜಿ ನೋಡಿದ ಕಾರು

ಒಂದು ಕಿಲೋ ಟೊಮೇಟೊ ಕೊಳ್ಳುವಾಗ ನಾನು ಒಂದೊಂದನ್ನೂ ತಿರುಗಿಸಿ, ತೊಟ್ಟು ನೋಡಿ, ಮೆಲ್ಲಗೆ ಒತ್ತಿ ಆಮೇಲೆ ಚೀಲಕ್ಕೆ ಹಾಕುತ್ತೇನೆ. "ಅಕ್ಕಾ, ಟೊಮೇಟೊ ತಗೋತಿದೀರೋ, ಪರೀಕ್ಷೆ ಇಡ್ತಿದೀರೋ?" ಎಂದು ತರಕಾರಿಯವಳು ಗೊಣಗುತ್ತಾಳೆ. ಇಂಥ ನಾನು, ನಮ್ಮ ಮನೆಯವರು, ನಮ್ಮ ಮಗಳು ಮೂವರೂ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಕಾರನ್ನು ಕಾಲು ಗಂಟೆಯಲ್ಲಿ ಒಪ್ಪಿಕೊಂಡುಬಿಟ್ಟಿದ್ದೆವು. ನಾಚಿಕೆ ಬಿಟ್ಟು ಆ ಕಥೆ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಯಾರಾದರೂ ಹಳೆಯ ಕಾರು ಕೊಳ್ಳುವ ಮಾತಾಡುತ್ತಿದ್ದರೆ ಅವರನ್ನೂ ಕರೆದು ಕೂರಿಸಿ.

ನಮ್ಮ ಮಗಳು ನರ್ಸ್. ಆರು ವರ್ಷ ಆಸ್ಪತ್ರೆಯಲ್ಲಿ ಹೊತ್ತುಗೊತ್ತಿಲ್ಲದೆ ಪಾಳಿ ಮಾಡಿ ಸೊರಗಿದ್ದಳು. ಈಗ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯಕ್ಕೆ ಪಟ್ಟಿ ಬದಲಿಸುವ, ಇಂಜೆಕ್ಷನ್ ಕೊಡುವ ಕೆಲಸ ಸಿಕ್ಕಿತ್ತು. ಸಂಬಳ ಚೆನ್ನಾಗಿತ್ತು, ಸಂಜೆ ಆರಕ್ಕೆ ಮನೆ ಸೇರಬಹುದಿತ್ತು. ಷರತ್ತು ಒಂದೇ: ಸ್ವಂತ ಕಾರು ಇರಬೇಕು. ಒಂದನೇ ತಾರೀಕಿಗೆ ಕಾರು ಸಮೇತ ಬರಬೇಕು, ಇಲ್ಲದಿದ್ದರೆ ಕೆಲಸ ಮುಂದಿನವರಿಗೆ ಹೋಗುತ್ತದೆ. ಕೈಯಲ್ಲಿದ್ದದ್ದು ಹತ್ತು ದಿನ. ಅದರಲ್ಲಿ ಐದು ದಿನ ಜಾಹೀರಾತು ನೋಡುವುದರಲ್ಲೇ ಕಳೆದುಹೋಯಿತು.

ಆರನೆಯ ದಿನ ಬಂತು ಆ ಬಿಳಿ ಕಾರು. ತಂದವನು ನಲವತ್ತರ ಆಸುಪಾಸಿನ ಮನುಷ್ಯ. ಇಸ್ತ್ರಿ ಮಾಡಿದ ಶರ್ಟು, ಬೆಣ್ಣೆಯಂಥ ಮಾತು. ಚಪ್ಪಲಿ ಹೊರಗೆ ಬಿಟ್ಟು, ನನ್ನನ್ನು "ಅಮ್ಮಾ" ಎಂದು ಕರೆದು, ನಮ್ಮ ಮನೆಯವರ ಕೆಲಸ ನೋಡಿ "ಎಂಥ ಕೈ ಸಾರ್ ನಿಮ್ದು!" ಎಂದು ಹೊಗಳಿದ. ನಮ್ಮ ಮನೆಯವರು ಲೋಹದ ಫಲಕಗಳ ಮೇಲೆ ಅಕ್ಷರ ಕೆತ್ತುವವರು. ಡಾಕ್ಟರುಗಳ ನಾಮಫಲಕ, ಶಾಲೆಗಳ ಬಹುಮಾನದ ಕಪ್ಪು, ಪಂಪು ತಯಾರಿಸುವ ಕಾರ್ಖಾನೆಯ ನಂಬರ್ ತಗಡು, ಎಲ್ಲವೂ ಮನೆಯ ಮುಂದಿನ ಕೋಣೆಯಲ್ಲಿ ಅವರ ಕೈಯಲ್ಲೇ ಆಗಬೇಕು. ಮೂವತ್ತು ವರ್ಷದಿಂದ ಯಾರಾದರೂ ಹೊಗಳಲಿ ಎಂದು ಕಾದಿದ್ದವರು, ಅಲ್ಲೇ ಕರಗಿ ನೀರಾದರು.

ನಾನೇನು ಕಡಿಮೆಯೇ? ಹಿಂದಿನ ಸೀಟಿನಲ್ಲಿ ಕೂತು ನೋಡಿದೆ, ಮೆತ್ತಗಿತ್ತು. ಬಣ್ಣ ಫಳಫಳ ಹೊಳೆಯುತ್ತಿತ್ತು. ಅಷ್ಟಕ್ಕೇ ಮನಸ್ಸು ಕೊಟ್ಟುಬಿಟ್ಟೆ.

"ಇದು ನನ್ನ ಫ್ರೆಂಡ್ ಕಾರು ಸಾರ್. ಅವನು ಹೊರದೇಶಕ್ಕೆ ಹೋದ. ಮಾರ್ಬಿಡು ಅಂತ ನಂಗೆ ಬಿಟ್ಟು ಹೋಗಿದಾನೆ. ಅದಕ್ಕೇ ಇಷ್ಟು ಕಮ್ಮಿ ರೇಟು. ನಾಳೆ ಹನ್ನೆರಡು ಗಂಟೆಗೆ ಇನ್ನೊಂದು ಪಾರ್ಟಿ ಬರ್ತಾರೆ. ನಿಮ್ಮ ಮಗಳು ರೋಗಿಗಳ ಸೇವೆ ಮಾಡೋಳು ಅಂತ ಕೇಳಿದ ಮೇಲೆ ಅವರಿಗೆ ಕೊಡೋಕೆ ಮನಸ್ಸೇ ಬರ್ತಿಲ್ಲ" ಎಂದ.

"ಬೇಡ, ಬೇಡ, ಅವರಿಗೆ ಕೊಡಬೇಡಿ. ಬೆಳಿಗ್ಗೆ ಬ್ಯಾಂಕು ತೆಗೆದ ಕೂಡ್ಲೇ ದುಡ್ಡು ತಂದುಬಿಡ್ತೀವಿ" ಎಂದರು ನಮ್ಮವರು.

ಸಂಜೆ ನಮ್ಮ ಮಹಡಿಯ ಮೇಲಿನ ಮನೆಯವಳು ಇಳಿದು ಬಂದಳು. ವಿಮೆ ಕಂಪನಿಯೊಂದರಲ್ಲಿ ಅಪಘಾತವಾದ ಕಾರುಗಳ ಕಾಗದ ನೋಡುವ ಕೆಲಸ ಅವಳದು. ಬೀದಿಯವರೆಲ್ಲ, ಅವಳಿಗಿಂತ ದೊಡ್ಡವರೂ, ಅವಳನ್ನು 'ಇನ್ಶೂರೆನ್ಸ್ ಅಕ್ಕ' ಎಂದೇ ಕರೆಯುತ್ತಾರೆ. ಸಿಹಿಸುದ್ದಿ ಹೇಳಿದೆ. ಅವಳು ಸಂತೋಷಪಡುವ ಬದಲು ಕುರ್ಚಿ ಎಳೆದುಕೊಂಡಳು.

"ಕಾಗದದಲ್ಲಿ ಯಾರ ಹೆಸರಿದೆ ಅಣ್ಣಾ?"

"ಅವನ ಫ್ರೆಂಡ್ ಹೆಸರಿದೆ."

"ಆ ಫ್ರೆಂಡ್ ಜೊತೆ ನೀವು ಮಾತಾಡಿದ್ರಾ?"

"ಅವನು ಹೊರದೇಶದಲ್ಲಿದಾನಲ್ಲಮ್ಮ!"

"ಹೊರದೇಶದಲ್ಲಿ ಫೋನ್ ಇರಲ್ವಾ? ಹೋಗ್ಲಿ, ಒರಿಜಿನಲ್ ನೋಂದಣಿ ಪತ್ರ ನೋಡಿದ್ರಾ, ಜೆರಾಕ್ಸಾ?"

ನಮ್ಮವರ ಮುಖ ಗಂಟಾಯಿತು. "ಜೆರಾಕ್ಸ್ ತೋರಿಸಿದ. ಒರಿಜಿನಲ್ ಆಮೇಲೆ ಕೊಡ್ತಾನಂತೆ. ಎಲ್ಲದಕ್ಕೂ ಅನುಮಾನ ಪಟ್ರೆ ಹೇಗಮ್ಮ? ಮುಖ ನೋಡಿದ್ರೆ ಗೊತ್ತಾಗಲ್ವಾ ಮನುಷ್ಯ ಎಂಥವನು ಅಂತ?"

"ಅಣ್ಣಾ, ನಮ್ಮ ಆಫೀಸಿಗೆ ಅಳ್ತಾ ಬರೋರೆಲ್ಲ ಇದೇ ಹೇಳ್ತಾರೆ. ಒಳ್ಳೆ ಮನುಷ್ಯ, ನಮ್ಮನೇಲಿ ಕಾಫಿ ಕುಡಿದ ಅಂತಾರೆ. ಮೋಸ ಮಾಡೋನು ಹಲ್ಲು ಕಡೀತಾ ಬರ್ತಾನಾ?"

"ಕಾರು ಚೆನ್ನಾಗಿ ಓಡತ್ತೆ ಅಕ್ಕ, ನಾನೇ ಓಡಿಸಿ ನೋಡಿದೆ" ಎಂದಳು ಮಗಳು. ದನಿ ಆಗಲೇ ಸಣ್ಣದಾಗಿತ್ತು.

"ಓಡತ್ತೆ ಪುಟ್ಟಿ, ಕದ್ದ ಕಾರೂ ಚೆನ್ನಾಗೇ ಓಡತ್ತೆ. ನಿಜವಾದ ಮಾಲೀಕ ದೂರು ಕೊಟ್ಟಿದ್ರೆ ಪೊಲೀಸರು ನಿನ್ನ ಕೈಯಿಂದ ಕೀಲಿ ಕಿತ್ಕೋತಾರೆ. ದುಡ್ಡೂ ಹೋಯ್ತು, ಕಾರೂ ಹೋಯ್ತು, ಮೇಲೆ ಸ್ಟೇಷನ್ನಿಗೆ ಅಲೆದಾಟ. ಕದ್ದದ್ದಲ್ಲ ಅಂತಾನೇ ಇಟ್ಕೋ. ಅದರ ಮೇಲೆ ಬ್ಯಾಂಕಿನ ಸಾಲ ಬಾಕಿ ಇದ್ರೆ? ಬ್ಯಾಂಕಿನವರು ನಿನ್ನ ಮನೆ ಬಾಗಿಲಿಗೆ ಬರ್ತಾರೆ, ಆ ಫ್ರೆಂಡ್ ಮನೆಗಲ್ಲ."

ಮಗಳು ನನ್ನ ಮುಖ ನೋಡಿದಳು. ನಾನು ಮೆತ್ತನೆಯ ಸೀಟಿನ ಗುಂಗಿನಲ್ಲೇ ಇದ್ದೆ.

"ದುಡ್ಡು ಕೊಡೋ ಮೊದಲು ಒಂದೇ ಒಂದು ಕೆಲಸ ಮಾಡಿ ಅಣ್ಣಾ" ಎಂದಳು ಇನ್ಶೂರೆನ್ಸ್ ಅಕ್ಕ. "ಕಾರಿನ ಮೈಮೇಲೆ ಚಾಸಿ ನಂಬರ್ ಹೊಡೆದಿರ್ತಾರೆ. ಕಾರ್ಖಾನೆಯಲ್ಲೇ ಹೊಡೆಯೋದು, ಒಂದು ಕಾರಿಗೆ ಒಂದೇ ನಂಬರ್. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ನಂಬರ್ ಹಾಗೇ ಮೂಡತ್ತೆ. ಪೆನ್ಸಿಲ್ ಪ್ರಿಂಟ್ ಅಂತೀವಿ ನಾವು. ಪತ್ರದಲ್ಲಿರೋ ನಂಬರಿಗೆ ತಾಳೆ ನೋಡಿ, ನಂಗೂ ಫೋನ್ ಮಾಡಿ ಹೇಳಿ. ನೋಂದಣಿ ಕಚೇರಿ ದಾಖಲೆಯಲ್ಲಿ ಏನಿದೆ ಅಂತ ನೋಡೋಣ."

"ಪೆನ್ಸಿಲ್ ಉಜ್ಜೋದನ್ನ ನೀವು ನನಗೆ ಹೇಳಿಕೊಡ್ತೀರಾ?" ಎಂದು ನಮ್ಮವರು ಎದ್ದು ಒಳಗೆ ಹೋದರು. ಹಳೆಯ ಫಲಕದ ಅಕ್ಷರ ಎತ್ತಿಕೊಳ್ಳಲು ಅವರು ದಿನವೂ ಮಾಡುವ ಕೆಲಸವೇ ಅದು. ಸಿಟ್ಟು ಮೂಗಿನ ತುದಿಗೆ ಬಂದಿತ್ತು. ಆದರೂ ನಾನು ನೋಡಿದೆ, ಮಲಗುವ ಮೊದಲು ಒಂದು ಪೆನ್ಸಿಲ್ ಚೂಪು ಮಾಡಿ ಜೇಬಿಗೆ ಸಿಕ್ಕಿಸಿಕೊಂಡರು. ಅವಳ ಬಾಯಿ ಮುಚ್ಚಿಸಬೇಕೆಂಬುದೇ ಅವರ ಆಸೆ.

ಬೆಳಿಗ್ಗೆ ಹತ್ತಕ್ಕೆ ಬಿಳಿ ಕಾರು ಬಾಗಿಲಿಗೆ ಬಂತು.

"ಬಾನೆಟ್ ಎತ್ತಿಪ್ಪಾ, ಒಂದು ನಂಬರ್ ಬರ್ಕೋಬೇಕು. ಏನಿಲ್ಲ, ನಮ್ಮ ಮೇಲಿನ ಮನೆಯವರ ಒಂದು ಚಪಲ" ಎಂದು ನಕ್ಕರು ನಮ್ಮವರು.

"ಅಯ್ಯೋ, ಅದೆಲ್ಲ ಪತ್ರದಲ್ಲೇ ಇದೆಯಲ್ಲ ಸಾರ್. ಕೈಯೆಲ್ಲ ಮಸಿ ಆಗತ್ತೆ."

"ನನ್ನ ಕೈಗೆ ಮಸಿ ಹೊಸದಲ್ಲ ಬಿಡಿ."

ನಮ್ಮವರು ಬಗ್ಗಿ, ಇಂಜಿನ್ನಿನ ಹಿಂದಿನ ಲೋಹವನ್ನು ಬಟ್ಟೆಯಿಂದ ಒರೆಸಿ, ತೆಳು ಕಾಗದ ಇಟ್ಟು, ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿದರು. ನಂಬರ್ ಮೂಡಿತು. ನಾನು ಪಕ್ಕದಲ್ಲಿ ನಿಂತು ಜೆರಾಕ್ಸಿಗೆ ತಾಳೆ ನೋಡಿದೆ. ಹದಿನೇಳು ಅಕ್ಷರವೂ ಸರಿಯಾಗಿ ಹೊಂದಿಕೆಯಾದವು. ಉಸಿರು ಬಿಟ್ಟೆ. ಮಾರುವವನೂ ಬಿಟ್ಟ.

ನಮ್ಮವರು ಮಾತ್ರ ಕಾಗದವನ್ನು ಬೆಳಕಿಗೆ ಹಿಡಿದು ನಿಂತೇ ಇದ್ದರು. ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ, ಇನ್ನೊಂದು ಹಾಳೆ ಇಟ್ಟು ಇನ್ನೊಮ್ಮೆ ಉಜ್ಜಿದರು. ಅವರ ಮುಖ ಬಿಗಿಯುವುದನ್ನು ಕಂಡು ನಾನೂ ಬಗ್ಗಿ ನೋಡಿದೆ.

"ಈ ಕೊನೆ ನಾಲ್ಕು ಅಂಕಿ ಯಾರು ಹೊಡೆದಿದ್ದು?" ಎಂದರು.

"ಕಂಪನಿಯವರೇ ಸಾರ್, ಇನ್ಯಾರು?"

"ಮೂವತ್ತು ವರ್ಷ ಅಂಕಿ ಅಚ್ಚು ಹೊಡ್ಕೊಂಡು ಬಂದಿದೀನಿ ಕಣಪ್ಪಾ. ಕಾರ್ಖಾನೆ ಮಿಷನ್ನು ಹೊಡೆದ್ರೆ ಎಲ್ಲ ಅಂಕೀನೂ ಒಂದೇ ಆಳ, ಒಂದೇ ಅಂತರ. ಮೊದಲಿನ ಹದಿಮೂರು ಹಾಗಿವೆ. ಕೊನೇ ನಾಲ್ಕು ಸುತ್ತಿಗೆಯಲ್ಲಿ ಹೊಡೆದಿದ್ದು. ಎಂಟು ವಾಲಿದೆ. ಮೂರರ ಬಾಲ ಎರಡು ಸಲ ಬಿದ್ದಿದೆ. ಕೆಳಗೆ ಅರದಲ್ಲಿ ಉಜ್ಜಿದ ಗೆರೆ ಇದೆ. ಅಲ್ಲಿ ಮುಂಚೆ ಬೇರೆ ಅಂಕಿ ಇದ್ವು."

"ತುಕ್ಕು ಹಿಡಿದಿತ್ತು ಸಾರ್, ಅದಕ್ಕೇ ಸ್ವಲ್ಪ ತಿಕ್ಕಿಸಿದ್ವಿ" ಎಂದ ಅವನು. ಬೆಣ್ಣೆ ಕರಗತೊಡಗಿತ್ತು.

ಮಗಳು ಅಷ್ಟರಲ್ಲಿ ಇನ್ಶೂರೆನ್ಸ್ ಅಕ್ಕನಿಗೆ ಫೋನ್ ಮಾಡಿ ನಂಬರ್ ಓದಿದ್ದಳು. ಐದು ನಿಮಿಷದಲ್ಲಿ ಅವಳೇ ತಿರುಗಿ ಫೋನ್ ಮಾಡಿದಳು. ಮಗಳು ಸ್ಪೀಕರ್ ಹಾಕಿದಳು.

"ಪುಟ್ಟಿ, ಈ ನಂಬರಿನ ಕಾರು ಕೆಂಪು ಬಣ್ಣದ್ದು. ಮೂರು ವರ್ಷದ ಹಿಂದೆ ಲಾರಿಗೆ ಗುದ್ದಿ ಜಜ್ಜಿಹೋಗಿದೆ, ವಿಮೆ ಹಣಾನೂ ಕೊಟ್ಟಾಗಿದೆ. ಗುಜರಿಗೆ ಹೋದ ಕಾರು ನಿಮ್ಮ ಬಾಗಿಲಲ್ಲಿ ಹೇಗೆ ನಿಂತಿದೆ? ಅದರ ನಂಬರನ್ನ ಯಾವುದೋ ಕದ್ದ ಕಾರಿಗೆ ಹೊಡೆದಿದಾರೆ ಅಷ್ಟೇ."

ನಾವು ಮೂವರೂ ಮಾರುವವನ ಕಡೆ ತಿರುಗಿದೆವು. "ಒಂದು ನಿಮಿಷ ಸಾರ್, ಫ್ರೆಂಡಿಗೆ ಫೋನ್ ಮಾಡಿ ಕೇಳ್ತೀನಿ" ಎಂದು ಕಾರು ಹತ್ತಿದವನು ಬಾನೆಟ್ಟನ್ನು ಸರಿಯಾಗಿ ಮುಚ್ಚದೆಯೇ ಕಂಬಿ ಕಿತ್ತ. ಹೊರದೇಶದ ಫ್ರೆಂಡಿಗೆ ಅಷ್ಟು ಜೋರಾಗಿ ಕಾರು ಓಡಿಸಿಕೊಂಡು ಹೋಗಿ ಫೋನ್ ಮಾಡಿದವನನ್ನು ನಾನು ಇನ್ನೂ ನೋಡಿಲ್ಲ.

ನಮ್ಮವರು ಅದೇ ಪೆನ್ಸಿಲ್ ಪ್ರಿಂಟ್ ಹಿಡಿದು ಪೊಲೀಸ್ ಠಾಣೆಗೆ ಹೋದರು. ಅರದ ಗೆರೆಯ ಕೆಳಗೆ ಮಸುಕಾಗಿ ಕಾಣುತ್ತಿದ್ದ ಹಳೆಯ ಅಂಕಿಗಳನ್ನು ಅವರೇ ಓದಿ ಬರೆಸಿದರು. ನಾಲ್ಕು ದಿನಕ್ಕೆ ಪೊಲೀಸರಿಗೆ ಆ ಕಾರು ಸಿಕ್ಕಿತು. ಶಾಲೆಗಳಿಗೆ ಬ್ರೆಡ್ಡು ಹಂಚುವ ಬಡಪಾಯಿಯೊಬ್ಬನ ಕಾರಂತೆ ಅದು; ಕಳವಾದ ಮೇಲೆ ಸೈಕಲ್ಲಿನಲ್ಲಿ ಹಂಚುತ್ತಿದ್ದನಂತೆ. ನಾನು ಅವನ ಸೀಟಿನಲ್ಲಿ ಕೂತು ಮೆತ್ತಗಿದೆ ಎಂದು ಹಿಗ್ಗಿದ್ದೆನಲ್ಲ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆದರೆ ಮಾರುವವನು ಓಡಿಹೋದ ದಿನ ಸಂಜೆ ನಮ್ಮ ಮನೆಯಲ್ಲಿ ಮೋಸದಿಂದ ಪಾರಾದ ಸಂತೋಷವಿರಲಿಲ್ಲ. ಮಗಳು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. "ಇನ್ನು ಮೂರೇ ದಿನ. ನನ್ನ ಕೆಲಸ ಹೋಯ್ತು."

"ಸ್ವಲ್ಪ ಟೈಮ್ ಕೊಡಿ ಅಂತ ಕೇಳಿದ್ಯಾ?" ಎಂದಳು ಇನ್ಶೂರೆನ್ಸ್ ಅಕ್ಕ.

ಕೇಳಿರಲಿಲ್ಲ! ಕೇಳಿದರೆ ಎಲ್ಲಿ ಕೈತಪ್ಪುತ್ತದೋ ಎಂಬ ಭಯ. ಆ ಭಯವೇ ನಮ್ಮನ್ನು ಓಡಿಸಿತ್ತು, ಮಾರುವವನು ಅದನ್ನೇ ಮೂಸಿ ಹಿಡಿದಿದ್ದ. ಮಗಳು ಕಣ್ಣೊರೆಸಿಕೊಂಡು ಮೇಲ್ವಿಚಾರಕಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಆಕೆ, "ಎರಡು ವಾರ ತಗೋ ತಾಯಿ. ಕದ್ದ ಕಾರು ತಗೊಂಡು ನನ್ನ ರೋಗಿಗಳ ಬಾಗಿಲಿಗೆ ಮಾತ್ರ ಹೋಗಬೇಡ" ಎಂದರಂತೆ.

ಆ ಎರಡು ವಾರದ ಹನ್ನೊಂದನೆಯ ದಿನ ನಮಗೆ ಬೇರೊಂದು ಕಾರು ಸಿಕ್ಕಿತು. ಬಣ್ಣ ಮಾತ್ರ ನನ್ನನ್ನು ಕೇಳಬೇಡಿ. ಸಾಸಿವೆ ಅರೆದು ವಾರ ಬಿಟ್ಟರೆ ಯಾವ ಬಣ್ಣಕ್ಕೆ ತಿರುಗುತ್ತದೋ ಆ ಬಣ್ಣ. ನಿವೃತ್ತ ಗಣಿತದ ಟೀಚರದು. ಕಣ್ಣು ಮಂಜಾಗಿ ಓಡಿಸುವುದನ್ನು ಬಿಟ್ಟಿದ್ದರು. ನಾವು ಕೇಳುವ ಮೊದಲೇ ಫೈಲು ತಂದು ಮೇಜಿನ ಮೇಲಿಟ್ಟರು. ಒರಿಜಿನಲ್ ಪತ್ರ, ಅದರಲ್ಲಿ ಅವರದೇ ಹೆಸರು, ಅವರ ಗುರುತಿನ ಚೀಟಿ, ಸಾಲ ತೀರಿದ್ದಕ್ಕೆ ಬ್ಯಾಂಕು ಕೊಟ್ಟ ಪತ್ರ, ಒಂಬತ್ತು ವರ್ಷದ ಸರ್ವಿಸ್ ಬಿಲ್ಲುಗಳು.

"ಒಮ್ಮೆ ಗೇಟಿಗೆ ಗುದ್ದಿದ್ದೆ. ಎಡಗಡೆ ಬಾಗಿಲು ಬದಲಾಯಿಸಿದೀನಿ. ಬಿಲ್ ಅದರಲ್ಲೇ ಇದೆ, ತಪ್ಪು ನಂದೇ" ಎಂದರು ಟೀಚರು.

ನಮ್ಮವರು ಪೆನ್ಸಿಲ್ ತೆಗೆದೇ ತೆಗೆದರು. ಟೀಚರು ಬೇಜಾರು ಮಾಡಿಕೊಳ್ಳಲಿಲ್ಲ. "ಉಜ್ಜಿ, ಉಜ್ಜಿ, ಪರೀಕ್ಷೆ ಮಾಡದೆ ನಾನೂ ಯಾರಿಗೂ ಅಂಕ ಕೊಟ್ಟಿಲ್ಲ" ಎಂದರು. ನಂಬರ್ ನೆಟ್ಟಗಿತ್ತು, ಕಚೇರಿಯ ದಾಖಲೆಯೂ ಅದನ್ನೇ ಹೇಳಿತು. ನಮಗೆ ಪರಿಚಯವಿದ್ದ ಮೆಕ್ಯಾನಿಕ್ ಕಾರಿನ ಕೆಳಗೆ ಮಲಗಿ ನೋಡಿ, ಹಿಂದಿನ ಎರಡು ಟೈರು ಸವೆದಿವೆ, ಉಳಿದದ್ದು ಗಟ್ಟಿ ಎಂದ. ಟೈರಿನ ಲೆಕ್ಕ ಬೆಲೆಯಲ್ಲಿ ಇಳಿಯಿತು. ಹಣವನ್ನು ಟೀಚರ ಬ್ಯಾಂಕ್ ಖಾತೆಗೇ ಹಾಕಿದೆವು. ಆಮೇಲೆ ಅವರೂ ಮಗಳೂ ಒಟ್ಟಿಗೇ ನೋಂದಣಿ ಕಚೇರಿಗೆ ಹೋಗಿ ಹೆಸರು ಬದಲಾಯಿಸಿದರು.

ಕೆಲಸಕ್ಕೆ ಸೇರಿದ ಮೂರನೆಯ ದಿನ ಮಧ್ಯಾಹ್ನ ಮಗಳ ಫೋನ್ ಬಂತು. "ಅಮ್ಮಾ, ಪೊಲೀಸರು ಕಾರು ನಿಲ್ಲಿಸಿದ್ರು."

ನಾನು ಸೌಟು ಬಿಟ್ಟು ಒಲೆ ಆರಿಸಿದೆ. "ಏನಾಯ್ತೇ?"

"ಏನಿಲ್ಲಮ್ಮ. ಪತ್ರ ಕೇಳಿದ್ರು, ಕೊಟ್ಟೆ. ಅದರಲ್ಲಿದ್ದ ಹೆಸರು ಜೋರಾಗಿ ಓದಿ, ನೀವೇನಾ ಅಂದ್ರು. ನಾನೇ ಅಂದೆ. ಹೋಗಿ ಸಿಸ್ಟರ್, ಅಂತ ದಾರಿ ಬಿಟ್ರು." ಮತ್ತೆ ಅವಳೇ ಮುಂದುವರಿಸಿದಳು. "ಬೆನ್ನಿಗೆ ಹುಣ್ಣಾಗಿರೋ ಅಜ್ಜಿಯೊಬ್ರು ಕಾಯ್ತಿದ್ರಮ್ಮ, ಪಟ್ಟಿ ಬದಲಾಯಿಸ್ಬೇಕಿತ್ತು. ಸರಿಯಾದ ಹೊತ್ತಿಗೆ ಹೋದೆ. ಆ ಬಿಳಿ ಕಾರಲ್ಲಿ ಹೋಗಿದ್ರೆ?"

ಅವಳು ಮಾತು ಮುಗಿಸಲಿಲ್ಲ. ನಾನೂ ಮುಗಿಸುವುದಿಲ್ಲ; ನೀವೇ ಯೋಚಿಸಿ.

ಹಳೆಯ ಕಾರು ಕೊಳ್ಳುವುದು ತಪ್ಪಲ್ಲ. ನಮ್ಮಂಥವರಿಗೆ ಅದೇ ಸರಿ. ಆದರೆ ಮಾರುವವನ ಹೆಸರೂ ಪತ್ರದ ಹೆಸರೂ ಒಂದೇ ಆಗಿರಲಿ, ಒರಿಜಿನಲ್ ಕಾಗದ ನಿಮ್ಮ ಕಣ್ಣೆದುರಿಗಿರಲಿ. ಚಾಸಿ ನಂಬರನ್ನು ಕಾರಿನ ಮೈಮೇಲೇ ಓದಿ, ಕಚೇರಿಯ ದಾಖಲೆಗೆ ತಾಳೆ ನೋಡಿ. ಸಾಲ ಇದೆಯೇ, ಅಪಘಾತವಾಗಿದೆಯೇ ಎಂದು ಬಾಯಿಬಿಟ್ಟು ಕೇಳಿ. ಅಂಕಿಯ ಓರೆಕೋರೆ ಕಂಡುಹಿಡಿಯಲು ನಿಮ್ಮ ಮನೆಯಲ್ಲಿ ಕೆತ್ತನೆಯವರು ಇಲ್ಲದಿರಬಹುದು. ಒಬ್ಬ ಒಳ್ಳೆಯ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ. ಪ್ರಾಮಾಣಿಕರು ಕೇಳಿದ್ದಕ್ಕೆ ಸಿಟ್ಟಾಗುವುದಿಲ್ಲ, ಫೈಲು ತಂದು ಮುಂದಿಡುತ್ತಾರೆ. "ಈಗಲೇ ಕೊಡಿ, ಇಲ್ಲಾಂದ್ರೆ ಹೋಯ್ತು" ಎಂದು ಯಾರಾದರೂ ಅವಸರ ಮಾಡಿದರೆ, ಹೋಗಲಿ ಬಿಡಿ. ರಸ್ತೆಯಲ್ಲಿ ಯಾರೇ ನಿಲ್ಲಿಸಿ ಕಾಗದ ಓದಿದರೂ, ಅಲ್ಲಿ ನಿಮ್ಮ ಹೆಸರೇ ಇರಬೇಕು.