ಸೀತಾಪತಿಯ ಮೂರನೆಯ ಆಟ

ಸೀತಾಪತಿ ಕಚ್ಚೆ ಬಿಗಿದು, ಬರಿಗಾಲಲ್ಲಿ ನಿಂತು, ತಲೆಯನ್ನು ತುಸು ಓರೆಮಾಡಿ ಚೆಂಡಿಗಾಗಿ ಕಾಯುತ್ತಿದ್ದ. ಅವನನ್ನು ನೆನೆದಾಗಲೆಲ್ಲ ಮೊದಲು ಕಾಣುವುದು ಆ ನಿಲುವು. ನಮ್ಮೂರ ತಂಡಕ್ಕೆ ಅವನು ಆಡಿದ್ದು ಮೂರೇ ಆಟ. ಅಂಥ ದಾಂಡಿಗನನ್ನು ನಾನು ಮತ್ತೆ ನೋಡಲಿಲ್ಲ. ನಾಲ್ಕನೆಯ ಆಟಕ್ಕೆ ಅವನು ಬಾರದಿದ್ದುದರ ಬಗ್ಗೆ ಜನ ಏನೇನೋ ಹೇಳುತ್ತಾರೆ, ಹೇಳಿಕೊಳ್ಳಲಿ. ಕಾರಣ ನಾನು.

ನಾನು ಶಾಲೆಯ ಮೇಷ್ಟ್ರು; ತಂಡದ ಯಜಮಾನಿಕೆಯೂ ನನ್ನದೇ. ಮೂರನೆಯ ಆಟ ದಂಡಿನ ದೊರೆಗಳ ಮೇಲೆ. ಅವರು ನಮ್ಮನ್ನು ತಮ್ಮ ಮೈದಾನಕ್ಕೆ ಕರೆದದ್ದೇ ತಮಾಷೆ ನೋಡಲು. ಮಧ್ಯಾಹ್ನದ ಹೊತ್ತಿಗೆ ನಮ್ಮ ಆರು ಜನ ಔಟಾಗಿದ್ದರು. ಗೆಲ್ಲಲು ಇನ್ನೂ ಎಪ್ಪತ್ತು ರನ್ನು ಬೇಕಿತ್ತು. ಊಟ ಮುಗಿಸಿ ಸೀತಾಪತಿ ಮತ್ತೆ ಒಳಗಿಳಿದ. ಆಗಲೇ ಅವನ ಹಳ್ಳಿಮನೆಯ ಆಳು ಕರಿಯಣ್ಣ ಏದುಸಿರು ಬಿಡುತ್ತ ಬಂದದ್ದು.

"ದೊಡ್ಡಯ್ನೋರಿಗೆ ಜೋರಾಗೈತೆ ಸ್ವಾಮಿ. ಸಣ್ಣಯ್ನೋರನ್ನ ಬೇಗ ಕರ್ಕಂಡ್ ಬಾ ಅಂದವ್ರೆ."

ತೀರಿಕೊಂಡಿದ್ದಾರೆ ಎಂದೇ ತಿಳಿದೆ. ತಂದೆ ತೀರಿಕೊಂಡರೆಂದು ಮಗನಿಗೆ ನೇರವಾಗಿ ಹೇಳಿ ಕಳುಹಿಸುವ ರೂಢಿ ನಮ್ಮಲ್ಲಿಲ್ಲ. ಜೋರಾಗಿದೆ, ಬೇಗ ಬಾ ಎನ್ನುತ್ತಾರೆ. ನನ್ನ ತಂದೆ ಹೋದಾಗಲೂ ಹಾಗೆಯೇ ಹೇಳಿಸಿದ್ದರು. ನಾನು ತಲುಪುವಷ್ಟರಲ್ಲಿ ಚಟ್ಟ ಸಿದ್ಧವಾಗಿತ್ತು. ಕರಿಯಣ್ಣ ತಲೆ ತಗ್ಗಿಸಿ ನಿಂತಿದ್ದ. ಬಿಡಿಸಿ ಕೇಳಲು ನನಗೆ ಬಾಯಿ ಬರಲಿಲ್ಲ.

ಹೋದವರು ಹೋದರು, ಈಗ ಓಡಿ ಏನು ಪ್ರಯೋಜನ ಎಂದುಕೊಂಡೆ. ಸುದ್ದಿ ಕಿವಿಗೆ ಬಿದ್ದರೆ ಸೂತಕ, ಮತ್ತೆ ದಾಂಡು ಮುಟ್ಟುವ ಹಾಗಿಲ್ಲ. ಬೀಳುವವರೆಗೆ ಆಡಲಿ. ಗೆಲುವಿನ ಆಸೆ ನನ್ನ ಕಣ್ಣಿಗೆ ಮಣ್ಣೆರಚಿತ್ತು.

"ಇನ್ನೇನು ಮುಗೀತು ಕಣಯ್ಯ. ಕೂತ್ಕೊ, ಮಜ್ಜಿಗೆ ಕುಡಿ," ಎಂದು ಕರಿಯಣ್ಣನನ್ನು ಡೇರೆಯ ಹಿಂದೆ ಕೂರಿಸಿದೆ. ಅವನು ಎರಡು ಸಲ ಎದ್ದು ಬಂದ. ಎರಡು ಸಲವೂ ಗದರಿದೆ.

ಅತ್ತ ಸೀತಾಪತಿ ಕಚ್ಚೆ ಬಿಗಿದು, ತಲೆ ಓರೆಮಾಡಿ ಕಾಯುತ್ತಿದ್ದ. ಬಂದ ಚೆಂಡನ್ನೆಲ್ಲ ಬೇಲಿಗಟ್ಟುತ್ತಿದ್ದ. ಬಿಸಿಲು ಇಳಿಯುವ ಮುಂಚೆ ಗೆದ್ದೆವು. ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ತಂದರು. ಕೆಳಗಿಳಿಸಿಕೊಂಡು ಹೇಳಿದೆ: "ಹೊರಡಪ್ಪ. ತಂದೆಗೆ ಜೋರಾಗಿದೆಯಂತೆ."

ಅವನಿಗೂ ನನಗಾದ ಅರ್ಥವೇ ಆಯಿತು. ಜಟಕಾದಲ್ಲಿ ನನ್ನ ಪಕ್ಕ ಕೂತು ಮುಖ ಮುಚ್ಚಿಕೊಂಡು ಅತ್ತ. ಕರಿಯಣ್ಣ ಗಾಡಿಯವನ ಪಕ್ಕ ಕೂತಿದ್ದ.

ನಾವು ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅವನ ಸೋದರತ್ತೆ ಹೊಸ್ತಿಲಲ್ಲೇ ಅವನ ಕೈ ಹಿಡಿದುಕೊಂಡರು.

"ಈಗ್ತಾನೆ ಹೋದ್ರು ಕಣೋ, ಮೈ ಇನ್ನೂ ಬೆಚ್ಚಗಿದೆ. ಬೆಳಿಗ್ಗೆಯಿಂದ ನಿನ್ನ ಹೆಸರೇ. ಗಂಗೆ ಬಿಡೋಕೆ ಹೋದ್ರೆ ಬಾಯೇ ತೆರೀಲಿಲ್ಲ, ಸೀತಾಪತಿ ಬರಲಿ ಅಂತ. ಎಲ್ಲಿ ಸತ್ತಿದ್ಯೋ ಕರಿಯಣ್ಣ?"

ಕರಿಯಣ್ಣ ನನ್ನ ಮುಖ ನೋಡಿದ. ಸೀತಾಪತಿಯೂ ನೋಡಿದ.

"ಇವನು ಯಾವಾಗ ಬಂದ ಮೇಷ್ಟ್ರೇ?"

"ಊಟ ಆದ ಮೇಲೆ."

"ಆಗ ನನ್ನದು ಎಷ್ಟಾಗಿತ್ತು?"

"ಹನ್ನೊಂದು."

"ಅಷ್ಟೇ ಸಾಕಾಗಿತ್ತಲ್ಲ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಬಾವಿಕಟ್ಟೆಗೆ ಹೋಗಿ ಕೈಕಾಲು ತೊಳೆದು ಬಂದ. ದರ್ಭೆಯ ಮೇಲೆ ಮಲಗಿಸಿದ್ದ ತಂದೆಯ ಪಕ್ಕ ಕೂತು, ಗಂಗೆಯ ಗಿಂಡಿಯನ್ನು ತುಟಿಗೆ ಬಾಗಿಸಿದ. ನೀರು ಒಳಗೆ ಇಳಿಯಲಿಲ್ಲ. ಕೆನ್ನೆಯ ಮೇಲಿಂದ ಹರಿದು ನೆಲಕ್ಕೆ ಬಿತ್ತು; ಅವನು ಗಿಂಡಿ ಬರಿದಾಗುವವರೆಗೂ ಬಿಡುತ್ತಲೇ ಇದ್ದ.